ಗ್ಯಾರಿ ಕಿಲ್ಡಾಲ್: ಡ್ರೈವರ್‌ಗಳಿಗೆ ಹಾದಿ ತೆರೆದ ಗಣಿತದ ಮೇಷ್ಟ್ರು

ಸ್ಮಾರ್ಟ್ ಕಾರ್ಡ್ ರೀಡರ್ ಅನ್ನು ಗಣಕಕ್ಕೆ ಜೋಡಿಸಿದೊಡನೆ ಅದಕ್ಕೆ ತಕ್ಕ ಡ್ರೈವರ್ ಲೋಡ್ ಆಗಬೇಕು. ಇಲ್ಲವಾದಲ್ಲಿ ಕಾರ್ಡ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಗಣಕದ ಪಾಲಿಗೆ ಅದು ಇಲ್ಲದಂತೆಯೇ. ಕಾರ್ಯಾಚರಣ ವ್ಯವಸ್ಥೆ ಒಂದೇ ಇರಲಿ, ಸಾಧನಕ್ಕೆ ಅಂಟಿಕೊಂಡ ಚಿಕ್ಕ ತಂತ್ರಾಂಶ ಮಾತ್ರ ಬದಲಾಗಲಿ ಎಂಬ ಈ ಏರ್ಪಾಟನ್ನು ಮೇಜಿನ ಮೇಲಿನ ಪುಟ್ಟ ಗಣಕಗಳಿಗೆ ತಂದವರಲ್ಲಿ ಅಮೆರಿಕದ ಗ್ಯಾರಿ ಕಿಲ್ಡಾಲ್ ಅಗ್ರಗಣ್ಯರು.

1942ರ ಮೇ 19ರಂದು ಸಿಯಾಟಲ್‌ನಲ್ಲಿ ಜನಿಸಿದ ಕಿಲ್ಡಾಲ್ ಅವರದು ನೌಕಾಯಾನ ಕಲಿಸುವ ಶಾಲೆ ನಡೆಸುತ್ತಿದ್ದ ಮನೆತನ. ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಗಣಿತ ಓದಲು ಹೋದವರು ಗಣಕವಿಜ್ಞಾನಕ್ಕೆ ಮನಸೋತು 1972ರಲ್ಲಿ ಡಾಕ್ಟರೇಟ್ ಪಡೆದರು. ಮಾಂಟೆರಿಯ ನೌಕಾಪಡೆ ಸ್ನಾತಕೋತ್ತರ ಶಾಲೆಯಲ್ಲಿ ಅಧ್ಯಾಪಕರಾಗಿದ್ದಾಗ ಇಂಟೆಲ್‌ನ 4004 ಚಿಪ್ ಅವರ ಕೈಸೇರಿತು. ಇಂಟೆಲ್‌ಗೆ ಸಲಹೆಗಾರರಾಗಿ 1973ರಲ್ಲಿ ಪಿಎಲ್/ಎಂ ಎಂಬ ಭಾಷೆಯನ್ನೂ ರೂಪಿಸಿದರು.

ಶುಗಾರ್ಟ್ ಕಂಪನಿಯ ಫ್ಲಾಪಿ ಡ್ರೈವ್ ಒಂದು ಅವರಿಗೆ ದೊರೆತಿತ್ತು. ಆದರೆ ಅದನ್ನು ಚಿಪ್‌ಗೆ ಬೆಸೆಯುವ ನಿಯಂತ್ರಕ ಮಂಡಲವನ್ನು ಕಟ್ಟಲು ಅವರಿಂದಾಗಲಿಲ್ಲ. ಗೆಳೆಯ ಜಾನ್ ಟೊರೋಡ್ ಆ ಕೊರತೆ ನೀಗಿಸಿದರು. 1974ರಲ್ಲಿ ಪೆಸಿಫಿಕ್ ಗ್ರೋವ್‌ನಲ್ಲಿ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆ ಮೊದಲ ಬಾರಿಗೆ ಓಡಿತು. ಇಂಟೆಲ್ ಅದನ್ನು ಕೊಳ್ಳಲು ಆಸಕ್ತಿ ತೋರಲಿಲ್ಲ. ಕಿಲ್ಡಾಲ್ ಪತ್ನಿ ಡೊರೊತಿಯವರೊಡನೆ ಸ್ವಂತ ಕಂಪನಿ ತೆರೆದರು. ಅದೇ ಮುಂದೆ ಡಿಜಿಟಲ್ ರಿಸರ್ಚ್ ಎಂದು ಹೆಸರಾಯಿತು.

ತೊಡಕು ಎದುರಾದದ್ದು ಅನಂತರ. ಪ್ರತಿ ತಯಾರಕರ ಫ್ಲಾಪಿ ನಿಯಂತ್ರಕವೂ ಬೇರೆ, ಪ್ರತಿ ಬಾರಿಯೂ ಇಡೀ ವ್ಯವಸ್ಥೆಯನ್ನು ತಿದ್ದಬೇಕು. ಇಮ್ಸಾಯ್ ಕಂಪನಿಯ ಗಣಕಕ್ಕೆ ಅಳವಡಿಸುವ ಕೆಲಸ ಬಂದಾಗ ಕಿಲ್ಡಾಲ್ ಡಿಸ್ಕ್, ಕೀಲಿಮಣೆ, ಪರದೆ, ಪ್ರಿಂಟರ್‌ಗಳಿಗೆ ಸಂಬಂಧಿಸಿದ ಸಂಕೇತವನ್ನೆಲ್ಲ ಪ್ರತ್ಯೇಕಿಸಿ ಒಂದೆಡೆ ಇಟ್ಟು, ಅದಕ್ಕೆ ಬಯೋಸ್ ಎಂದು ಹೆಸರಿಟ್ಟರು. ಒಂದು ಅಕ್ಷರ ಓದು, ಒಂದು ಅಕ್ಷರ ಬರೆ, ಈ ಟ್ರ್ಯಾಕಿಗೆ ಸಾಗು, ಈ ಸೆಕ್ಟರ್ ಓದು ಎಂಬಂತಹ ಕರೆಗಳ ಪಟ್ಟಿ ಅದು. 2.2 ಆವೃತ್ತಿಯಲ್ಲಿ ಇವುಗಳ ಸಂಖ್ಯೆ 17. ತಯಾರಕರು ಇಷ್ಟನ್ನು ಬರೆದುಕೊಂಡರೆ ಸಾಕು, ಉಳಿದದ್ದರ ಗೊಡವೆಯಿಲ್ಲ. ದೊಡ್ಡ ಗಣಕಗಳಲ್ಲಿ ಇಂತಹ ವಿಂಗಡಣೆ ಹೊಸತಲ್ಲ ಎಂಬುದು ನಿಜವಾದರೂ, ಬಿಡಿಭಾಗಗಳಿಂದ ಮನೆಯಲ್ಲೇ ಗಣಕ ಕಟ್ಟುತ್ತಿದ್ದವರ ಕಾಲಕ್ಕೆ ಇದು ವರವೇ ಆಯಿತು. ಸಿಪಿ/ಎಂ ನೂರಾರು ಮಾದರಿಯ ಗಣಕಗಳಿಗೆ ಹಬ್ಬಿತು.

1980ರಲ್ಲಿ ಐಬಿಎಂ ಪ್ರತಿನಿಧಿಗಳು ಪೆಸಿಫಿಕ್ ಗ್ರೋವ್‌ಗೆ ಬಂದರು. ಬೆಳಿಗ್ಗೆ ಕಿಲ್ಡಾಲ್ ತಮ್ಮ ವಿಮಾನದಲ್ಲಿ ಗ್ರಾಹಕರೊಬ್ಬರ ಭೇಟಿಗೆ ತೆರಳಿದ್ದರು. ಗೌಪ್ಯತಾ ಒಪ್ಪಂದಕ್ಕೆ ಸಹಿ ಹಾಕಲು ಡೊರೊತಿ ಹಿಂಜರಿದರು. ಅಂದು ಮುಂದೇನಾಯಿತೆಂಬ ಬಗ್ಗೆ ಅಲ್ಲಿದ್ದವರ ಹೇಳಿಕೆಗಳೇ ಪರಸ್ಪರ ಹೊಂದುವುದಿಲ್ಲ. ಅವರು ಮೋಜಿಗಾಗಿ ಹಾರಾಡುತ್ತಿದ್ದರೆಂಬ ಕತೆ ಮಾತ್ರ ಅನ್ಯಾಯದ್ದು. ವ್ಯವಹಾರ ಮೈಕ್ರೋಸಾಫ್ಟ್‌ಗೆ ಒಲಿಯಿತು. ಆ ಕಂಪನಿ ಒದಗಿಸಿದ್ದು ಸಿಯಾಟಲ್‌ನ ಟಿಮ್ ಪ್ಯಾಟರ್‌ಸನ್ ಬರೆದ ವ್ಯವಸ್ಥೆಯನ್ನು, ಅದರ ಕರೆಗಳು ಸಿಪಿ/ಎಂ ಅನ್ನೇ ಹೋಲುತ್ತಿದ್ದವು. ಕಿಲ್ಡಾಲ್ ಪ್ರತಿಭಟಿಸಿದಾಗ ಐಬಿಎಂ ಎರಡನ್ನೂ ಮಾರಲು ಒಪ್ಪಿತಾದರೂ ಬೆಲೆಯಲ್ಲಿ ಅಜಗಜಾಂತರವಿತ್ತು: ಡಾಸ್‌ಗೆ 40 ಡಾಲರ್, ಸಿಪಿ/ಎಂ-86ಕ್ಕೆ 240 ಡಾಲರ್.

ಡಿಜಿಟಲ್ ರಿಸರ್ಚ್ 1991ರಲ್ಲಿ ನೊವೆಲ್ ಪಾಲಾಯಿತು. ಕಿಲ್ಡಾಲ್‌ಗೆ ಹಣದ ಕೊರತೆಯಿರಲಿಲ್ಲ. ಆ ಸೋಲಿನ ಕತೆ ಮಾತ್ರ ಕೊನೆಯವರೆಗೂ ಬೆನ್ನು ಬಿಡಲಿಲ್ಲ. 1994ರ ಜುಲೈನಲ್ಲಿ ಮಾಂಟೆರಿಯಲ್ಲಿ ತಲೆಗೆ ಪೆಟ್ಟು ಬಿದ್ದು, 11ರಂದು 52ನೆಯ ವಯಸ್ಸಿನಲ್ಲಿ ನಿಧನರಾದರು. ಪೆಸಿಫಿಕ್ ಗ್ರೋವ್‌ನಲ್ಲಿ ಅವರ ಕಂಪನಿ ಇದ್ದ ಮನೆಯ ಮುಂದೆ ಐಇಇಇ ಸಂಸ್ಥೆ 2014ರ ಏಪ್ರಿಲ್‌ನಲ್ಲಿ ಸ್ಮಾರಕ ಫಲಕ ಹಾಕಿಸಿತು.