ಮಕ್ಕಳ ಮೌನಕ್ಕೆ ಜಾಗ ಕೊಟ್ಟ ಶಿಕ್ಷಕ: ಹೆರಾಲ್ಡ್ ಪಾಮರ್

ಬೋಧನಾಭ್ಯಾಸಕ್ಕೆಂದು ಕನ್ನಡ ಮಾಧ್ಯಮದ ಎಂಟನೆಯ ತರಗತಿಗೆ ಹೋಗುವಾಗ ನಾನು ಒಂದು ಶಪಥ ಮಾಡಿಕೊಂಡಿದ್ದೆ. ಇಂಗ್ಲಿಷ್ ಅವಧಿಯಲ್ಲಿ ನನ್ನ ಬಾಯಿಂದ ಒಂದು ಕನ್ನಡ ಪದವೂ ಬರಬಾರದು, ಮಕ್ಕಳ ಬಾಯಿಂದಲೂ ಬರಬಾರದು. ಮೊದಲ ದಿನ ಮಕ್ಕಳು ಕುತೂಹಲದಿಂದ ಕೇಳಿದರು. ಮೂರನೆಯ ದಿನ ಹಿಂದಿನ ಬೆಂಚಿನಲ್ಲಿ ನಗು ಶುರುವಾಯಿತು. ಐದನೆಯ ದಿನ ನಾನು ಎಬ್ಬಿಸಿ ಪ್ರಶ್ನೆ ಕೇಳಿದ ಹುಡುಗಿ ತಲೆ ತಗ್ಗಿಸಿ ನಿಂತಳು, ಕಣ್ಣಲ್ಲಿ ನೀರು. ಅವಳ ಪಕ್ಕದ ಸಾಲಿನ ಹುಡುಗ ಎದ್ದು, ಪರೀಕ್ಷೆಗೆ ಬರುವ ಪ್ರಶ್ನೋತ್ತರ ಬರೆಸಿ ಸರ್ ಎಂದು ಕನ್ನಡದಲ್ಲೇ ಕೇಳಿದ.

ಅಂದಿನ ದಿನಚರಿಯಲ್ಲಿ ನಾನು ಮಕ್ಕಳಿಗೆ ಆಸಕ್ತಿಯಿಲ್ಲ, ಶಿಸ್ತಿಲ್ಲ ಎಂದು ಬರೆದೆ. ನನ್ನ ಮಾರ್ಗದರ್ಶಕರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಮುಂದಿನ ಪಾಠಯೋಜನೆ ತರುವ ಮೊದಲು ಹೆರಾಲ್ಡ್ ಪಾಮರ್ ಅವರ ಜೀವನವನ್ನು ಓದಿಕೊಂಡು ಬಾ ಎಂದರು. ಬೋಧನಾ ವಿಧಾನದ ಪತ್ರಿಕೆಯಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ನನಗೆ ಆ ಹೆಸರು ಗೊತ್ತಿತ್ತು. ಓದಿದ ಮೇಲೆ ನನಗೆ ತಿಳಿದದ್ದನ್ನು ಸಹಪಾಠಿಗಳೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಪಾಮರ್ ಹುಟ್ಟಿದ್ದು 1877ರಲ್ಲಿ, ಲಂಡನ್ನಿನಲ್ಲಿ. ಬೆಳೆದದ್ದು ಕೆಂಟ್ ಪ್ರಾಂತ್ಯದ ಹೈಥ್ ಎಂಬ ಸಣ್ಣ ಊರಿನಲ್ಲಿ. ಹುಡುಗನಾಗಿದ್ದಾಗಲೇ ಫ್ರೆಂಚ್ ಕಲಿಯಲು ಸಮುದ್ರ ದಾಟಿ ಫ್ರಾನ್ಸಿಗೆ ಹೋಗಿದ್ದರು. ಕೆಲಕಾಲ ಊರಿನ ಪತ್ರಿಕೆಯ ಕೆಲಸ ಮಾಡಿದರು. ವಿಶ್ವವಿದ್ಯಾಲಯದ ಪದವಿ ಅವರಿಗಿರಲಿಲ್ಲ. ಶಿಕ್ಷಕರಾದದ್ದು 1902ರಲ್ಲಿ, ಬೆಲ್ಜಿಯಂ ದೇಶದ ವರ್ವಿಯೆ ಎಂಬ ಉಣ್ಣೆ ಗಿರಣಿಗಳ ಊರಿನಲ್ಲಿ. ಅಲ್ಲಿನ ಒಂದು ಭಾಷಾಶಾಲೆಯಲ್ಲಿ ಬರ್ಲಿಟ್ಜ್ ಕ್ರಮದಂತೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಆ ಕ್ರಮದಲ್ಲಿ ಕಲಿಯುವವರ ಮಾತೃಭಾಷೆಗೆ ಪ್ರವೇಶವೇ ಇಲ್ಲ. ವಸ್ತು ತೋರಿಸು, ಅಭಿನಯಿಸು, ಕೇಳು, ಹೇಳಿಸು, ಅಷ್ಟೇ. ನನ್ನ ಶಪಥವೂ ಇದೇ ಆಗಿತ್ತು.

ಸ್ವಲ್ಪ ಕಾಲದಲ್ಲೇ ಪಾಮರ್ ತಮ್ಮದೇ ಶಾಲೆ ತೆರೆದು, ಪ್ರತಿ ಪದ್ಧತಿಯನ್ನೂ ತಾವೇ ಪರೀಕ್ಷಿಸಿ ನೋಡತೊಡಗಿದರು. ಮೊದಲು ಕಿವಿ, ಆಮೇಲೆ ಕಣ್ಣು ಎಂಬ ತತ್ವವನ್ನು ಅವರು ಕೊನೆಯವರೆಗೂ ಬಿಡಲಿಲ್ಲ. ಆದರೆ ಮಾತೃಭಾಷೆಯನ್ನು ಪೂರ್ತಿ ಹೊರಗಿಡಬೇಕು ಎಂಬ ನಿಯಮದ ಮೇಲೆ ಅವರಿಗೆ ನಂಬಿಕೆ ಉಳಿಯಲಿಲ್ಲ. ಒಂದು ಪದದ ಅರ್ಥವನ್ನು ಅಭಿನಯದಿಂದ ಹೇಳಲು ಹೊರಟರೆ ಸಮಯ ಹೋಗುತ್ತದೆ. ಅಷ್ಟಾದರೂ ಕಲಿಯುವವನು ತಪ್ಪು ಅರ್ಥ ಹಿಡಿಯಬಹುದು. ಅವನ ಭಾಷೆಯಲ್ಲಿ ಒಮ್ಮೆ ಹೇಳಿಬಿಟ್ಟರೆ, ಉಳಿದ ಸಮಯವೆಲ್ಲ ಅಭ್ಯಾಸಕ್ಕೆ ಸಿಗುತ್ತದೆ.

1914ರಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿದಾಗ ಪಾಮರ್ ಹೆಂಡತಿ ಮಗಳೊಂದಿಗೆ ಇಂಗ್ಲೆಂಡಿಗೆ ಮರಳಬೇಕಾಯಿತು. ಹನ್ನೆರಡು ವರ್ಷ ಕಟ್ಟಿದ್ದೆಲ್ಲ ಅಲ್ಲಿಯೇ ಉಳಿಯಿತು. ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ ಅವರ ನೆರವಿನಿಂದ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಠ ಹೇಳುವ ಅವಕಾಶ ದೊರೆಯಿತು. ಪದವಿಯಿಲ್ಲದ ಈ ಶಿಕ್ಷಕರು 1917ರಲ್ಲಿ ಭಾಷಾಬೋಧನೆಯ ವೈಜ್ಞಾನಿಕ ಅಧ್ಯಯನದ ಬಗ್ಗೆಯೂ, 1921ರಲ್ಲಿ ಭಾಷಾಕಲಿಕೆಯ ತತ್ವಗಳ ಬಗ್ಗೆಯೂ ಮೌಖಿಕ ಪದ್ಧತಿಯ ಬಗ್ಗೆಯೂ ಪುಸ್ತಕ ಬರೆದರು.

ಈ ಪುಸ್ತಕಗಳ ಒಂದು ವಿಚಾರ ನನ್ನನ್ನು ಹಿಡಿದು ನಿಲ್ಲಿಸಿತು. ಮಗು ಮಾತಾಡುವ ಮೊದಲು ತಿಂಗಳುಗಟ್ಟಲೆ ಕೇಳುತ್ತದೆ. ಕೋಳಿ ಮೊಟ್ಟೆಗೆ ಕಾವು ಕೊಡುವಂತೆ, ಕೇಳಿದ ಮಾತು ಒಳಗೆ ಬಲಿಯಲು ಕಾಲ ಬೇಕು. ಅದಕ್ಕೇ ಪಾಮರ್ ಪಾಠವನ್ನು ಮೆಟ್ಟಿಲುಗಳಾಗಿ ಜೋಡಿಸಿದರು. ಮೊದಲ ಮೆಟ್ಟಿಲಲ್ಲಿ ವಿದ್ಯಾರ್ಥಿ ಬರೀ ಕೇಳುತ್ತಾನೆ, ಉತ್ತರ ಕೊಡಬೇಕಾಗಿಲ್ಲ. ಎರಡನೆಯದರಲ್ಲಿ ಆಜ್ಞೆಗಳು ಬರುತ್ತವೆ: ಏಳು, ಬಾಗಿಲ ಹತ್ತಿರ ಹೋಗು, ಪುಸ್ತಕ ತೆಗೆ. ವಿದ್ಯಾರ್ಥಿ ಬಾಯಿ ತೆರೆಯದೆ, ಮಾಡಿ ತೋರಿಸುತ್ತಾನೆ; ಅರ್ಥವಾಗಿದೆಯೇ ಇಲ್ಲವೇ ಎಂದು ಶಿಕ್ಷಕನಿಗೆ ತಿಳಿಯುತ್ತದೆ. ಅನುಕರಣೆ, ಚಿಕ್ಕ ಉತ್ತರ, ಸಂಭಾಷಣೆ ಎಲ್ಲ ಅನಂತರ. ಇಂಥ ಆಜ್ಞಾಪಾಠಗಳನ್ನೇ ತುಂಬಿದ ಪುಸ್ತಕವೊಂದನ್ನು ಅವರು ಮಗಳು ಡೊರೊಥೆ ಜೊತೆ ಸೇರಿ 1925ರಲ್ಲಿ ಹೊರತಂದರು.

ನಾನು ಐದನೆಯ ದಿನವೇ ಆ ಹುಡುಗಿಯನ್ನು ನೇರ ಕೊನೆಯ ಮೆಟ್ಟಿಲಿಗೆ ಹತ್ತಿಸಲು ಹೋಗಿದ್ದೆ.

ಪಾಮರ್ ಅವರಿಗೆ ನಿಜವಾದ ಪರೀಕ್ಷೆ ಎದುರಾದದ್ದು ಜಪಾನಿನಲ್ಲಿ. 1922ರಲ್ಲಿ, ತಮ್ಮ 45ನೆಯ ವಯಸ್ಸಿನಲ್ಲಿ, ಅಲ್ಲಿನ ಶಿಕ್ಷಣ ಇಲಾಖೆಗೆ ಇಂಗ್ಲಿಷ್ ಬೋಧನೆಯ ಸಲಹೆಗಾರರಾಗಿ ಹೋದರು. ಮರುವರ್ಷ ಟೋಕಿಯೊದಲ್ಲಿ ಇಂಗ್ಲಿಷ್ ಬೋಧನಾ ಸಂಶೋಧನಾ ಸಂಸ್ಥೆ ಆರಂಭವಾಯಿತು, ಅವರೇ ಅದರ ನಿರ್ದೇಶಕರು. ಅದೇ ವರ್ಷ ಸೆಪ್ಟೆಂಬರಿನ ಮಹಾಭೂಕಂಪ ಟೋಕಿಯೊವನ್ನು ನೆಲಸಮ ಮಾಡಿತು. ಕೆಲಸ ಮಾತ್ರ ನಿಲ್ಲಲಿಲ್ಲ.

ಜಪಾನಿನ ಮಾಧ್ಯಮಿಕ ಶಾಲೆಗಳಲ್ಲಿ ಇಂಗ್ಲಿಷ್ ಎಂದರೆ ಯಾಕುದೋಕು, ಅಂದರೆ ಪದಕ್ಕೆ ಪದ ಇಟ್ಟು, ಅವನ್ನು ಹಿಂದೆ ಮುಂದೆ ಮಾಡಿ ಜಪಾನೀ ವಾಕ್ಯವಾಗಿಸುವುದು. ಜಪಾನೀ ಭಾಷೆಯಲ್ಲಿಯೂ ಕನ್ನಡದಂತೆ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಹಾಗಾಗಿ ನಮ್ಮ ಮಕ್ಕಳು ಇಂಗ್ಲಿಷ್ ವಾಕ್ಯವನ್ನು ಹಿಂದಿನಿಂದ ಬಿಡಿಸಿ ಓದುವ ಪರಿ ಅಲ್ಲಿಯೂ ಇತ್ತು. ತರಗತಿ ದೊಡ್ಡದು. ಉನ್ನತ ಶಾಲೆಗಳ ಪ್ರವೇಶ ಪರೀಕ್ಷೆಯಲ್ಲಿ ಕೇಳುತ್ತಿದ್ದುದು ಅನುವಾದ. ಬಹಳಷ್ಟು ಶಿಕ್ಷಕರಿಗೆ ಸ್ವತಃ ಇಂಗ್ಲಿಷ್ ಮಾತಾಡುವ ಧೈರ್ಯವಿರಲಿಲ್ಲ. ಮಾತು ಕಲಿತು ಪರೀಕ್ಷೆಯಲ್ಲಿ ಸೋತರೆ ಏನು ಗತಿ ಎಂಬುದು ಅವರ ಪ್ರಶ್ನೆ. ನನ್ನ ತರಗತಿಯ ಹುಡುಗ ಕೇಳಿದ್ದೂ ಇದನ್ನೇ.

ಪಾಮರ್ ಈ ವಿರೋಧವನ್ನು ಸೋಮಾರಿತನವೆಂದು ತಳ್ಳಿಹಾಕಲಿಲ್ಲ. ಜಪಾನಿನ ಮಕ್ಕಳಿಗೆ ಇಂಗ್ಲಿಷ್ ಬೇಕಿದ್ದುದು ಹೆಚ್ಚಾಗಿ ಓದುವುದಕ್ಕೆ ಎಂಬುದನ್ನು ಮನಗಂಡರು. ಮೌಖಿಕ ಕೆಲಸಕ್ಕೆ ಆರಂಭದ ತರಗತಿಯಲ್ಲಿ ಹೆಚ್ಚು ಜಾಗ ಇಟ್ಟು, ಮುಂದೆ ಅದನ್ನು ಓದಿಗೆ ತಳಪಾಯವಾಗಿಸಿದರು. ಮಕ್ಕಳಿಗೆ ಭಾರವಾಗದಂತೆ ಪದಗಳನ್ನು ಆಯ್ದು ಎಣಿಸುವ ಕೆಲಸಕ್ಕೆ ಕೈಹಾಕಿದರು; ಸರಳ ಓದಿನ ಪುಸ್ತಕಗಳನ್ನು ಸಿದ್ಧಪಡಿಸಿದರು. ಊರೂರಿನ ಶಾಲೆಗಳಿಗೆ ಹೋಗಿ ತಾವೇ ಮಾದರಿ ಪಾಠ ಮಾಡಿ ತೋರಿಸಿದರು. 1930ರ ದಶಕದಲ್ಲಿ ಫುಕುಶಿಮಾ ಮಾಧ್ಯಮಿಕ ಶಾಲೆಯ ಶಿಕ್ಷಕರು ಈ ಕ್ರಮವನ್ನು ತಮ್ಮ ದೊಡ್ಡ ತರಗತಿಗೆ ಹೊಂದುವಂತೆ ಮಾರ್ಪಡಿಸಿಕೊಂಡು ನಡೆಸಿದರು. ಮೇಲಿನಿಂದ ಬಂದ ಆದೇಶ ಮಾಡದ ಕೆಲಸವನ್ನು ಅಲ್ಲಿನ ಶಿಕ್ಷಕರೇ ಮಾಡಿದರು.

ಹಾಗೆಂದು ಜಪಾನಿನಲ್ಲಿ ಅನುವಾದ ಪದ್ಧತಿ ಅಳಿಯಲಿಲ್ಲ. 14 ವರ್ಷ ದುಡಿದ ಪಾಮರ್ 1936ರಲ್ಲಿ ಊರಿಗೆ ಮರಳಿದಾಗಲೂ ಹೆಚ್ಚಿನ ಶಾಲೆಗಳು ಹಳೆಯ ದಾರಿಯಲ್ಲೇ ಇದ್ದವು. ಅದಕ್ಕೆ ಹಿಂದಿನ ವರ್ಷ ಟೋಕಿಯೊದ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತ್ತು. ಮಹಾಯುದ್ಧದಲ್ಲಿ ಮಗನನ್ನು ಕಳೆದುಕೊಂಡ ದುಃಖದಲ್ಲಿ ಕೊನೆಯ ವರ್ಷಗಳು ಸಾಗಿ, 1949ರಲ್ಲಿ ತೀರಿಕೊಂಡರು. ಅವರ ಕೆಲಸವನ್ನು ಮುಂದುವರಿಸಿದವರು ಎ. ಎಸ್. ಹಾರ್ನ್‌ಬಿ. ನಮ್ಮ ಕಾಲೇಜುಗಳಲ್ಲಿ ಇಂದಿಗೂ ಓದುವ ರಚನಾ ವಿಧಾನದ ಬೇರು ಇವರಿಬ್ಬರ ಕೆಲಸದಲ್ಲಿದೆ.

ಉಳಿದ ಎರಡು ವಾರ ನನ್ನ ಪಾಠಯೋಜನೆ ಬದಲಾಯಿತು. ಮೊದಲ ಹತ್ತು ನಿಮಿಷ ಆಜ್ಞೆಗಳು, ಯಾರೂ ಮಾತಾಡಬೇಕಾಗಿಲ್ಲ. ಕಷ್ಟದ ಪದಕ್ಕೆ ಒಮ್ಮೆ ಕನ್ನಡದಲ್ಲಿ ಅರ್ಥ ಹೇಳಿ ಮತ್ತೆ ಇಂಗ್ಲಿಷಿಗೆ ಮರಳುತ್ತಿದ್ದೆ. ಕೊನೆಯ ಹತ್ತು ನಿಮಿಷ, ಅಂದು ಕೇಳಿದ ವಾಕ್ಯಗಳಿಂದಲೇ ಪರೀಕ್ಷೆಯ ಪ್ರಶ್ನೋತ್ತರ. ಕಿಟಕಿ ಮುಚ್ಚು ಎಂದಾಗ ಮೊದಲು ಎದ್ದು ಓಡಿದವನು ಆ ಹಿಂದಿನ ಬೆಂಚಿನವನೇ. ಅತ್ತ ಹುಡುಗಿ ಕೊನೆಯ ದಿನದವರೆಗೂ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಆಡಲಿಲ್ಲ. ಆದರೆ ಹೇಳಿದ್ದನ್ನೆಲ್ಲ ಸರಿಯಾಗಿ ಮಾಡುತ್ತಿದ್ದಳು. ಕೊನೆಯ ಪಾಠದಲ್ಲಿ, ನಾನು ಕೇಳದೆಯೇ, ಗೆಳತಿಗೆ ಪಿಸುಮಾತಿನಲ್ಲಿ ಬಾಗಿಲು ತೆರೆಯಲು ಇಂಗ್ಲಿಷಿನಲ್ಲಿ ಹೇಳಿದಳು. ದಿನಚರಿಯಲ್ಲಿ ಅಂದು ಅದೊಂದನ್ನೇ ಬರೆದೆ.