ಹತ್ತಿಯಿಂದ ಬಂದೂಕಿಗೆ: ಈಲಿ ವಿಟ್ನಿಯ ಜೀವನ

ಹತ್ತಿ ಬೆಳೆಯುವ ಸೀಮೆಯ ರೈತರಿಗೆ ಜಿನ್ನು ಹೊಸದಲ್ಲ. ಬಿಡಿಸಿದ ಹತ್ತಿಯಿಂದ ಕಾಳು ಬೇರೆ, ಅರಳೆ ಬೇರೆ ಮಾಡುವ ಈ ಯಂತ್ರದ ಜೊತೆ ಸೇರಿಕೊಂಡ ಹೆಸರು ಈಲಿ ವಿಟ್ನಿ ಎಂಬ ಅಮೆರಿಕನ್ನನದು. ಜಗತ್ತಿನ ಹತ್ತಿ ವ್ಯಾಪಾರವನ್ನೇ ಬದಲಾಯಿಸಿದ ಈತನಿಗೆ ಹತ್ತಿಯಿಂದ ಸಿಕ್ಕಿದ್ದು ಬಹಳ ಸ್ವಲ್ಪ. ಅವನನ್ನು ಸಾಕಿದ್ದು ಬಂದೂಕು.

ವಿಟ್ನಿ ಹುಟ್ಟಿದ್ದು 1765ರ ಡಿಸೆಂಬರ್ 8ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತ್ಯದ ವೆಸ್ಟ್‌ಬರೋ ಎಂಬ ಊರಿನಲ್ಲಿ. ತಂದೆ ಒಕ್ಕಲಿಗ. ಮನೆಯಲ್ಲಿ ಸಣ್ಣ ಕಮ್ಮಟಶಾಲೆಯೂ ಇತ್ತು. ಹುಡುಗನಿಗೆ ಹೊಲಕ್ಕಿಂತ ಸುತ್ತಿಗೆ, ಅರದ ಮೇಲೆಯೇ ಆಸಕ್ತಿ. ಆಗ ಅಮೆರಿಕ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯ ಯುದ್ಧ ಮಾಡುತ್ತಿತ್ತು. ಇಂಗ್ಲೆಂಡಿನಿಂದ ಬರುತ್ತಿದ್ದ ಮೊಳೆ ನಿಂತು ಹೋಗಿ ಬೆಲೆ ಏರಿತ್ತು. ಇದನ್ನು ನೋಡಿ ಹದಿನಾಲ್ಕರ ಹುಡುಗ ಮೊಳೆ ಹೊಡೆದು ಮಾರತೊಡಗಿದ. ಯುದ್ಧ ಮುಗಿದು ಅಗ್ಗದ ಇಂಗ್ಲಿಷ್ ಮೊಳೆ ಮತ್ತೆ ಬಂದಾಗ, ಅದನ್ನು ಬಿಟ್ಟು ಹೆಂಗಸರ ಟೋಪಿಗೆ ಚುಚ್ಚುವ ಪಿನ್ನು ಮಾಡಿದ. ಪೇಟೆ ಏನು ಕೇಳುತ್ತದೆ ಎಂದು ನೋಡಿ ಕೈ ಹಾಕುವ ಗುಣ ಅವನಿಗೆ ಆಗಲೇ ಇತ್ತು.

ಹಣ ಕೂಡಿಸಿ ಓದಬೇಕಾದ್ದರಿಂದ ಯೇಲ್ ಕಾಲೇಜಿನಿಂದ ಹೊರಬರುವಾಗ ವಯಸ್ಸು ಇಪ್ಪತ್ತಾರು ದಾಟಿತ್ತು. ಅದು 1792. ಪಾಠ ಹೇಳುವ ಕೆಲಸಕ್ಕೆಂದು ದಕ್ಷಿಣಕ್ಕೆ ಹೊರಟವನು ಜಾರ್ಜಿಯಾ ಪ್ರಾಂತ್ಯದ ಸವಾನಾ ಪಟ್ಟಣದ ಹತ್ತಿರ ಮಲ್ಬೆರಿ ಗ್ರೋವ್ ಎಂಬ ಜಮೀನಿನಲ್ಲಿ ಉಳಿದುಕೊಂಡ. ಅದು ಯುದ್ಧದಲ್ಲಿ ಹೆಸರು ಮಾಡಿದ್ದ ಜನರಲ್ ಗ್ರೀನ್‌ನ ವಿಧವೆ ಕ್ಯಾಥರೀನ್ ಗ್ರೀನ್ ಅವರ ಜಮೀನು.

ಅಲ್ಲಿಯ ಜಮೀನುದಾರರಿಗೆ ಒಂದೇ ಚಿಂತೆ. ಇಂಗ್ಲೆಂಡಿನಲ್ಲಿ ನೂಲುವ ಯಂತ್ರಗಳು ಬಂದು ಗಿರಣಿಗಳು ಎಷ್ಟು ಅರಳೆ ಕೊಟ್ಟರೂ ಸಾಲದು ಎನ್ನುತ್ತಿದ್ದವು. ಆದರೆ ಉದ್ದ ಎಳೆಯ, ಕಾಳು ಸುಲಭವಾಗಿ ಬಿಡುವ ಹತ್ತಿ ಸಮುದ್ರದ ದಂಡೆಯಲ್ಲಿ ಮಾತ್ರ ಬೆಳೆಯುತ್ತಿತ್ತು. ಒಳನಾಡಿನಲ್ಲಿ ಬರುತ್ತಿದ್ದುದು ಗಿಡ್ಡ ಎಳೆಯ ಹತ್ತಿ. ಅದರ ಹಸಿರು ಕಾಳಿಗೆ ಅರಳೆ ಅಂಟಿಕೊಂಡೇ ಇರುತ್ತದೆ. ನಮ್ಮ ದೇಶದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಎರಡು ಉರುಳೆಯ ಚರಕದಂಥ ಸಾಧನ ಆ ಹತ್ತಿಗೆ ನಡೆಯುತ್ತಿರಲಿಲ್ಲ. ಕೈಯಿಂದ ಬಿಡಿಸಿದರೆ ಒಬ್ಬ ಆಳಿಗೆ ದಿನಕ್ಕೆ ಸುಮಾರು ಒಂದು ಪೌಂಡು ಅರಳೆ.

1793ರಲ್ಲಿ ವಿಟ್ನಿ ಇದಕ್ಕೆ ಯಂತ್ರ ಮಾಡಿದ. ಮರದ ಉರುಳೆಯ ತುಂಬ ತಂತಿಯ ಹಲ್ಲು. ಅದರ ಎದುರಿಗೆ ಸಣ್ಣ ಸೀಳುಗಳಿರುವ ತಡೆ. ಉರುಳೆ ತಿರುಗಿದಾಗ ಹಲ್ಲುಗಳು ಅರಳೆಯನ್ನು ಹಿಡಿದು ಸೀಳಿನಾಚೆ ಎಳೆಯುತ್ತವೆ. ಕಾಳು ಅದರಲ್ಲಿ ತೂರಲಾರದೆ ಈಚೆಯೇ ಬೀಳುತ್ತದೆ. ಹಿಂದಿನಿಂದ ತಿರುಗುವ ಕುಂಚ ಅರಳೆಯನ್ನು ಹಲ್ಲಿನಿಂದ ಒರೆಸಿ ತೆಗೆಯುತ್ತದೆ. ಒಬ್ಬನೇ ಕೈಯಿಂದ ತಿರುಗಿಸಿದರೂ ದಿನಕ್ಕೆ ಐವತ್ತು ಪೌಂಡು. ಕುಂಚದ ಉಪಾಯ ಕ್ಯಾಥರೀನ್ ಅವರದೆಂದು ಹೇಳುವವರಿದ್ದಾರೆ. ಜಮೀನಿನಲ್ಲಿ ದುಡಿಯುತ್ತಿದ್ದ ಗುಲಾಮರ ಅನುಭವವೂ ಇದರಲ್ಲಿ ಸೇರಿದೆ ಎನ್ನುವವರೂ ಇದ್ದಾರೆ. ಗುಲಾಮನ ಹೆಸರಿನಲ್ಲಿ ಯಾರೂ ದಾಖಲೆ ಬರೆಯುತ್ತಿರಲಿಲ್ಲವಾಗಿ ಈ ವಾದ ಇತ್ಯರ್ಥವಾಗಿಲ್ಲ.

ಹೊಸದನ್ನು ಕಂಡುಹಿಡಿದವನಿಗೆ ಕೆಲವು ವರ್ಷ ಅದರ ಮೇಲೆ ಪೂರ್ತಿ ಹಕ್ಕು ಕೊಟ್ಟರೆ ಜನ ತಲೆ ಓಡಿಸುತ್ತಾರೆ ಎಂಬ ಲೆಕ್ಕದಿಂದ ಅಮೆರಿಕ ಸರ್ಕಾರ 1790ರಲ್ಲೇ ಪೇಟೆಂಟು ಕಾನೂನು ಮಾಡಿತ್ತು. 1794ರ ಮಾರ್ಚ್ 14ರಂದು ವಿಟ್ನಿಗೆ ಪೇಟೆಂಟು ಸಿಕ್ಕಿತು. ಜಮೀನಿನ ಮೇಲ್ವಿಚಾರಕ ಫಿನಿಯಸ್ ಮಿಲ್ಲರ್ ಪಾಲುದಾರನಾದ. ಇಲ್ಲಿಯೇ ಅವರು ಎಡವಿದರು. ಯಂತ್ರವನ್ನು ಮಾರುವ ಬದಲು ತಾವೇ ಊರೂರಿನಲ್ಲಿ ಜಿನ್ನು ಹಾಕಿ, ರೈತನ ಲಾಭದಲ್ಲಿ ಐದರಲ್ಲಿ ಎರಡು ಪಾಲನ್ನು ಹತ್ತಿಯ ರೂಪದಲ್ಲಿಯೇ ತೆಗೆದುಕೊಳ್ಳುವುದೆಂದು ಗೊತ್ತು ಮಾಡಿದರು. ಬೆವರು ಸುರಿಸಿ ಬೆಳೆದ ಬೆಳೆಯಲ್ಲಿ ಇಷ್ಟು ಪಾಲು ಯಾವ ರೈತ ಕೊಟ್ಟಾನು? ಅದೂ ಹೋಗಲಿ ಎಂದರೆ ಬೇಕಾದಷ್ಟು ಯಂತ್ರ ಒದಗಿಸುವ ಶಕ್ತಿಯೂ ಅವರಿಗಿರಲಿಲ್ಲ. 1795ರಲ್ಲಿ ನ್ಯೂ ಹೇವನ್‌ನಲ್ಲಿದ್ದ ಕಾರ್ಖಾನೆಗೆ ಬೆಂಕಿ ಬಿತ್ತು.

ಯಂತ್ರದ ರಚನೆ ಸರಳ. ಒಮ್ಮೆ ನೋಡಿದ ಕಮ್ಮಾರ ತಾನೇ ಮಾಡಬಲ್ಲ. ದಕ್ಷಿಣದ ತುಂಬ ಕಳ್ಳ ಜಿನ್ನುಗಳು ತಿರುಗತೊಡಗಿದವು. ತಂತಿ ಹಲ್ಲಿನ ಬದಲು ಗರಗಸದ ಬಿಲ್ಲೆ ಹಾಕಿ ಇನ್ನೂ ಉತ್ತಮ ಮಾಡಿದವರೂ ಬಂದರು. ವಿಟ್ನಿ ಕೋರ್ಟಿಗೆ ಹೋದ. 1797ರ ಮೊಕದ್ದಮೆಯಲ್ಲಿ ಕಾನೂನಿನ ಮಾತಿನಲ್ಲಿದ್ದ ಲೋಪದಿಂದ ಸೋಲಾಯಿತು. 1800ರಲ್ಲಿ ಆ ಲೋಪ ತಿದ್ದಿದರು. ಸ್ಪಷ್ಟ ತೀರ್ಪು ಬಂದದ್ದು 1807ರಲ್ಲಿ. ಅಷ್ಟರಲ್ಲಿ ಮಿಲ್ಲರ್ ತೀರಿಕೊಂಡಿದ್ದ, ಪೇಟೆಂಟಿನ ಅವಧಿಯೂ ಮುಗಿಯುತ್ತ ಬಂದಿತ್ತು. ದಕ್ಷಿಣ ಕೆರೊಲಿನಾ ಪ್ರಾಂತ್ಯ 50,000 ಡಾಲರಿಗೆ ಹಕ್ಕು ಕೊಂಡುಕೊಂಡಿತಾದರೂ ವಕೀಲರ ಖರ್ಚು ಸಣ್ಣದಾಗಿರಲಿಲ್ಲ. 1812ರಲ್ಲಿ ಪೇಟೆಂಟು ಮುಂದುವರಿಸಿರೆಂದು ಕೇಳಿದಾಗ ಕಾಂಗ್ರೆಸ್ ಸಭೆ ಒಪ್ಪಲಿಲ್ಲ.

ವಿಟ್ನಿಗೆ ಬಾರದ ಲಾಭ ಜಮೀನುದಾರರಿಗೆ ಬಂತು. ಅದರ ಬೆಲೆ ತೆತ್ತವರು ಗುಲಾಮರು. ಯಂತ್ರ ಬಂದರೆ ಆಳಿನ ಕೆಲಸ ಕಡಿಮೆಯಾಗುತ್ತದೆಂದು ಯಾರಾದರೂ ಊಹಿಸಬಹುದು. ಆದದ್ದು ತಿರುವು ಮುರುವು. ಅರಳೆ ಬಿಡಿಸುವ ತೊಡಕು ಹೋದ ಕೂಡಲೇ ಹೊಸ ಹೊಸ ನೆಲಕ್ಕೆ ಹತ್ತಿ ಬಿತ್ತಿದರು. ಬಿತ್ತಲು, ಕಳೆ ತೆಗೆಯಲು, ಹತ್ತಿ ಬಿಡಿಸಲು ಕೈಗಳೇ ಬೇಕು. ಆ ಕೈಗಳಿಗೆ ಕೂಲಿ ಕೊಡಬೇಕಾಗಿರಲಿಲ್ಲ. ಮನುಷ್ಯನನ್ನು ಆಸ್ತಿಯಾಗಿ ಇಟ್ಟುಕೊಳ್ಳಲು ಅಲ್ಲಿಯ ಕಾನೂನೇ ಅವಕಾಶ ಕೊಟ್ಟಿತ್ತು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರ ಸಂಖ್ಯೆ 1860ರಲ್ಲಿ ಸುಮಾರು 40 ಲಕ್ಷಕ್ಕೆ ಏರಿತು. ಹೊಸ ಹತ್ತಿ ಸೀಮೆಗೆ ಮಾರಾಟವಾಗಿ ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಒಂದು ಕಡೆಯಾದ ಸಂಸಾರಗಳಿಗೆ ಲೆಕ್ಕವಿಲ್ಲ. ಯಂತ್ರಕ್ಕೆ ಪಾಪ ಪುಣ್ಯ ಇಲ್ಲ, ನಿಜ. ಆದರೆ ಯಾವ ಕಾನೂನಿನ ನೆಲದಲ್ಲಿ ಅದು ತಿರುಗುತ್ತದೆಂಬುದನ್ನು ಬಿಟ್ಟು ಅದರ ಉಪಕಾರ ಹೇಳುವುದು ಈ ಲೇಖಕನಿಗೆ ಸರಿ ಕಾಣದು.

ಈ ಕಥೆಯ ಒಂದು ಎಳೆ ಧಾರವಾಡದ ಕಪ್ಪು ಮಣ್ಣಿಗೂ ಬಂದಿದೆ. ಲ್ಯಾಂಕಾಶೈರ್ ಗಿರಣಿಗಳು ಅಮೆರಿಕವೊಂದನ್ನೇ ನಂಬಬಾರದೆಂದು 1840ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪೆನಿ ಅಮೆರಿಕದ ಹತ್ತಿ ಬೆಳೆಗಾರರನ್ನು ಭಾರತಕ್ಕೆ ಕರೆಸಿತು. ಧಾರವಾಡ ಜಿಲ್ಲೆಯಲ್ಲಿ ಅಮೆರಿಕನ್ ಬೀಜ ಹಿಡಿಯಿತು. ಇಲ್ಲಿಯ ಕುಮಟಾ ಹತ್ತಿಯನ್ನು ಹೆಂಗಸರು ಕಾಲಿನಿಂದ ಉರುಳಿಸುವ ಕಬ್ಬಿಣದ ಸಲಾಕೆಯಲ್ಲಿ ಬಿಡಿಸುತ್ತಿದ್ದರು. ಅಮೆರಿಕನ್ ಹತ್ತಿಯ ಕಾಳು ಅದಕ್ಕೆ ಬಗ್ಗಲಿಲ್ಲ. ಹೀಗಾಗಿ ಬೀಜದ ಬೆನ್ನಿಗೆ ಗರಗಸದ ಜಿನ್ನೂ ಬಂತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಗುಲಾಮಗಿರಿಯ ವಿಷಯವಾಗಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಎಂದೂ ಕಾಣದ ಧಾರಣೆ ಬಂತು. ಧಾರಣೆಯ ಜೊತೆಗೆ ಕಲಬೆರಕೆಯೂ ಹೆಚ್ಚಿ, 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸ ತಡೆಯಲು ಕಾನೂನು ಮಾಡಬೇಕಾಯಿತು.

ಮತ್ತೆ ವಿಟ್ನಿಯ ಕಡೆಗೆ ಬರೋಣ. 1798ರಲ್ಲಿ ಸಾಲದಲ್ಲಿ ಮುಳುಗಿದ್ದ ಅವನಿಗೆ ಸರ್ಕಾರವೇ ದಾರಿ ತೋರಿಸಿತು. ಫ್ರಾನ್ಸಿನೊಡನೆ ಯುದ್ಧವಾಗುವ ಭಯವಿತ್ತು, ಬಂದೂಕು ಸಾಲದು. ಬಂದೂಕು ಮಾಡಿಯೇ ಗೊತ್ತಿಲ್ಲದ ವಿಟ್ನಿ 10,000 ಬಂದೂಕುಗಳನ್ನು 1,34,000 ಡಾಲರಿಗೆ ಒಪ್ಪಿಕೊಂಡ. ಮುಂಗಡ ಹಣವೂ ಬಂತು. ಸುಮಾರು ಎರಡು ವರ್ಷದಲ್ಲಿ ಮುಗಿಯಬೇಕಾದ ಕೆಲಸ ಮುಗಿದದ್ದು 1809ರಲ್ಲಿ. ಸರ್ಕಾರ ತಾಳಿಕೊಂಡಿತು. ನ್ಯೂ ಹೇವನ್ ಹತ್ತಿರ ಹೊಳೆಯ ನೀರಿನಿಂದ ಚಕ್ರ ತಿರುಗುವ ಕಾರ್ಖಾನೆ ಎದ್ದಿತು. ಒಂದು ಬಂದೂಕಿನ ಭಾಗ ಇನ್ನೊಂದಕ್ಕೂ ಹೊಂದಬೇಕೆಂಬುದು ಅವನ ಗುರಿ. 1801ರಲ್ಲಿ ವಾಷಿಂಗ್ಟನ್ನಿನಲ್ಲಿ ಜೆಫರ್ಸನ್ ಮೊದಲಾದವರ ಮುಂದೆ ಬಿಡಿಭಾಗ ಜೋಡಿಸಿ ತೋರಿಸಿದ. ಆ ಬಂದೂಕುಗಳ ಭಾಗಗಳು ನಿಜವಾಗಿ ಅದಲು ಬದಲಾಗುತ್ತಿರಲಿಲ್ಲವೆಂದು ನಂತರದ ಪರೀಕ್ಷೆಗಳಲ್ಲಿ ತಿಳಿದಿದೆ. ಅದನ್ನು ಸಾಧಿಸಿದ್ದು ಸರ್ಕಾರಿ ಬಂದೂಕು ಕಾರ್ಖಾನೆಗಳಲ್ಲಿ ದುಡಿದ ಬೇರೆ ಕುಶಲಿಗಳು. ಆ ಪದ್ಧತಿ ಹೊಲಿಗೆ ಯಂತ್ರಕ್ಕೆ, ಸೈಕಲ್ಲಿಗೆ, ಮುಂದೆ ಟ್ರಾಕ್ಟರಿಗೆ ಹರಿದು ಬಂತು.

1812ರಲ್ಲಿ ಇನ್ನೂ 15,000 ಬಂದೂಕುಗಳ ಗುತ್ತಿಗೆ ಸಿಕ್ಕಿತು. ಕೈಯಲ್ಲಿ ಹಣ ನಿಂತ ಮೇಲೆ, 1817ರಲ್ಲಿ, ಐವತ್ತೊಂದನೆಯ ವಯಸ್ಸಿನಲ್ಲಿ ಹೆನ್ರಿಯೆಟ್ಟಾ ಎಡ್ವರ್ಡ್ಸ್ ಅವರನ್ನು ಮದುವೆಯಾದ. 1825ರ ಜನವರಿ 8ರಂದು ನ್ಯೂ ಹೇವನ್‌ನಲ್ಲಿ ತೀರಿಕೊಂಡ. ಕಾರ್ಖಾನೆಯನ್ನು ಮೊದಲು ಸೋದರಿಯ ಮಕ್ಕಳು, ಆಮೇಲೆ ಮಗ ನಡೆಸಿದರು. 1888ರಲ್ಲಿ ಅದು ವಿಂಚೆಸ್ಟರ್ ಬಂದೂಕು ಕಂಪೆನಿಗೆ ಮಾರಾಟವಾಯಿತು.