ಇತರರ ಹೆಜ್ಜೆಗೆ ತಾಳವಾದ ಬದುಕು

ನೃತ್ಯಕೂಟಗಳಲ್ಲಿ ನೆರೆದವರ ದೃಷ್ಟಿ ಮೊದಲು ಗಾಯಕರ ಮೇಲೆ ಬೀಳುತ್ತದೆ, ಬಳಿಕ ತುತ್ತೂರಿ ಊದುವವರ ಮೇಲೆ. ಡ್ರಮ್ ಬಾರಿಸುವವರು ಸಾಮಾನ್ಯವಾಗಿ ಹಿಂದಿನ ಸಾಲಿನವರು. ಆದರೂ ಕುಣಿಯುವ ಕಾಲುಗಳು ನಂಬಿಕೊಂಡಿರುವುದು ಅವರನ್ನೇ. ಅವರ ಕೈ ಕ್ಷಣಕಾಲ ತಡೆದರೆ ಸಭಾಂಗಣದ ಹೆಜ್ಜೆಗಳೆಲ್ಲ ತಡವರಿಸುತ್ತವೆ. ಅಮೆರಿಕದ ಚಿಕ್ ವೆಬ್ ಅವರ ಬದುಕನ್ನು ಓದುವಾಗ ಈ ಸತ್ಯ ನಮಗೆ ಮತ್ತೆ ಮತ್ತೆ ಮನದಟ್ಟಾಗುತ್ತದೆ.

ವಿಲಿಯಂ ಹೆನ್ರಿ ವೆಬ್ ಅವರು 20ನೆಯ ಶತಮಾನದ ಮೊದಲ ದಶಕದಲ್ಲಿ ಬಾಲ್ಟಿಮೋರ್ ನಗರದ ಬಡ ಕಪ್ಪು ವರ್ಣೀಯ ಕುಟುಂಬವೊಂದರಲ್ಲಿ ಜನಿಸಿದರು. ಎಳವೆಯಲ್ಲೇ ಬೆನ್ನೆಲುಬಿಗೆ ಕ್ಷಯ ತಗುಲಿತು. ಬೆನ್ನು ಬಾಗಿತು, ದೇಹದ ಬೆಳವಣಿಗೆ ಕುಂಠಿತವಾಯಿತು. ಆ ಪುಟ್ಟ ಆಕಾರಕ್ಕೆ ಮರಿಕೋಳಿ ಎಂಬರ್ಥದ 'ಚಿಕ್' ಎಂಬ ಅಡ್ಡಹೆಸರು ಅಂಟಿಕೊಂಡಿತು. ಬೀದಿಯಲ್ಲಿ ಪತ್ರಿಕೆಗಳನ್ನು ಮಾರಿ ಕೂಡಿಟ್ಟ ಹಣದಿಂದ ಬಾಲಕ ಡ್ರಮ್‌ಗಳನ್ನು ಕೊಂಡನು. ತರುಣನಾಗಿ ನ್ಯೂಯಾರ್ಕ್ ಸೇರಿ, 1926ರ ಹೊತ್ತಿಗೆ ತನ್ನದೇ ಆದ ವಾದ್ಯತಂಡವನ್ನು ಕಟ್ಟಿದನು.

ಅದೇ 1926ರಲ್ಲಿ ಆ ನಗರದ ಹಾರ್ಲೆಮ್ ಭಾಗದಲ್ಲಿ ಸವಾಯ್ ಎಂಬ ವಿಶಾಲ ನೃತ್ಯಮಂದಿರ ತೆರೆಯಿತು. ಅಲ್ಲಿ ಎರಡು ವೇದಿಕೆಗಳಿದ್ದವು. ಒಂದು ತಂಡ ದಣಿದಾಗ ಮತ್ತೊಂದು ಆರಂಭಿಸುತ್ತಿದ್ದುದರಿಂದ ಸಂಗೀತ ನಿಲ್ಲುತ್ತಿರಲಿಲ್ಲ. ವರ್ಣಭೇದ ತಾಂಡವವಾಡುತ್ತಿದ್ದ ಆ ಕಾಲದಲ್ಲಿ ಬಿಳಿಯರೂ ಕಪ್ಪು ವರ್ಣೀಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದ ಅಪರೂಪದ ತಾಣವದು. 1931ರಿಂದ ವೆಬ್ ಅವರ ತಂಡ ಅಲ್ಲಿ ನೆಲೆಯೂರಿತು. ಸ್ವರಲಿಪಿಯನ್ನು ಓದಲು ಬಾರದ ಅವರು ಪ್ರತಿಯೊಂದು ವಾದ್ಯದ ಭಾಗವನ್ನೂ ಕೇಳಿ ಕಂಠಸ್ಥ ಮಾಡಿಕೊಂಡು, ನಡುವಿನ ಎತ್ತರದ ಪೀಠದಿಂದ ಡ್ರಮ್ ಮೂಲಕವೇ ಸಹವಾದಕರಿಗೆ ಸೂಚನೆ ನೀಡುತ್ತಿದ್ದರು. ಅವರ ಕಾಲಿಗೆ ಎಟುಕುವಂತೆ ಪೆಡಲುಗಳನ್ನು ವಿಶೇಷವಾಗಿ ತಯಾರಿಸಲಾಗಿತ್ತು. ದೊಡ್ಡ ಡ್ರಮ್ಮಿನ ವ್ಯಾಸ 28 ಅಂಗುಲ. ಅದರ ಹಿಂದೆ ಆ ಮನುಷ್ಯ ಬಹುತೇಕ ಮರೆಯಾಗುತ್ತಿದ್ದರು.

ನೃತ್ಯತಂಡದ ಕಸುಬಿನಲ್ಲಿ ಹಾಡು ಯಾರದೆಂಬುದಕ್ಕಿಂತ ಜನ ಕುಣಿದರೋ ಇಲ್ಲವೋ ಎಂಬುದೇ ಮುಖ್ಯ. ಒಬ್ಬರ ಹಾಡನ್ನು ಇನ್ನೊಬ್ಬರು ನುಡಿಸುವುದು ಅಲ್ಲಿನ ವಾಡಿಕೆ. ವೆಬ್ ತಂಡದ ಎಡ್ಗರ್ ಸ್ಯಾಂಪ್ಸನ್ ಅವರು ರಚಿಸಿದ 'ಸ್ಟಾಂಪಿನ್ ಅಟ್ ದ ಸವಾಯ್' ಎಂಬ ರಚನೆಯನ್ನು ವೆಬ್ 1934ರಲ್ಲಿ ಮುದ್ರಿಸಿದರು. ಅದನ್ನೇ 1936ರಲ್ಲಿ ನುಡಿಸಿದ ಬೆನ್ನಿ ಗುಡ್‌ಮನ್ ಅವರಿಗೆ ಅದರಿಂದ ಹೆಚ್ಚಿನ ಖ್ಯಾತಿ ದೊರೆಯಿತು. 1937ರ ಮೇ 11ರಂದು ಈ ಎರಡೂ ತಂಡಗಳು ಸವಾಯ್‌ನಲ್ಲಿ ಎದುರುಬದುರಾದವು. ಸಾವಿರಾರು ಜನ ಕಿಕ್ಕಿರಿದರು, ಸ್ಥಳವಿಲ್ಲದೆ ಹಿಂದಿರುಗಿದವರೂ ಸಾವಿರಾರು. ಗುಡ್‌ಮನ್ ತಂಡದ ಡ್ರಮ್ ವಾದಕ ಜೀನ್ ಕ್ರೂಪಾ ಅವರು ಕಥೋಲಿಕ ಮನೆತನದವರು. ಮಗ ಗುರುವಾಗಬೇಕೆಂಬ ಹೆತ್ತವರ ಆಸೆಯಂತೆ ಕೆಲಕಾಲ ಇಂಡಿಯಾನಾದ ಸಂತ ಜೋಸೆಫರ ಕಾಲೇಜಿನಲ್ಲಿ ಕಲಿತವರು. ಆ ರಾತ್ರಿ ಜಯ ವೆಬ್ ಅವರದೆಂದು ಜನ ತೀರ್ಮಾನಿಸಿದರು. ಕ್ರೂಪಾ ಕೂಡ ಅದನ್ನು ಮುಕ್ತಮನಸ್ಸಿನಿಂದ ಒಪ್ಪಿಕೊಂಡರು.

ತಾಯಿಯನ್ನು ಕಳೆದುಕೊಂಡು ನೆಲೆಯಿಲ್ಲದೆ ಅಲೆದಿದ್ದ ಎಲ್ಲಾ ಫಿಟ್ಜ್‌ಜೆರಾಲ್ಡ್ ಎಂಬ ಯುವತಿಯನ್ನು ವೆಬ್ 1935ರಲ್ಲಿ ತಂಡಕ್ಕೆ ಸೇರಿಸಿಕೊಂಡರು. ಅವರ ಅನುಮಾನವೆಲ್ಲ ಆಕೆಯ ರೂಪದ ಬಗ್ಗೆ. ಕಂಠ ಕೇಳಿದ ಮೇಲೆ ಅನುಮಾನ ಉಳಿಯಲಿಲ್ಲ. ಮಕ್ಕಳ ಶಿಶುಪ್ರಾಸವೊಂದನ್ನು ಆಧರಿಸಿ ಆಕೆ 1938ರಲ್ಲಿ ಹಾಡಿದ ಗೀತೆ ದೇಶದಾದ್ಯಂತ ಮನೆಮಾತಾಯಿತು. ಊರೂರುಗಳಿಂದ ತಂಡಕ್ಕೆ ಕರೆ ಬರತೊಡಗಿತು.

ದುರಂತವೆಂದರೆ, ತಂಡದ ಭಾಗ್ಯ ತೆರೆದ ಆ ವೇಳೆಗೇ ನಾಯಕರ ದೇಹ ಸೋಲತೊಡಗಿತ್ತು. ಪ್ರದರ್ಶನ ಮುಗಿದೊಡನೆ ಅವರು ಬಳಲಿಕೆಯಿಂದ ಪ್ರಜ್ಞೆ ತಪ್ಪುವುದುಂಟಾಯಿತು. ಆಸ್ಪತ್ರೆ ಮತ್ತು ಪ್ರವಾಸಗಳ ನಡುವೆ ದಿನಗಳು ಸಾಗಿದವು. ಆದರೆ ಅದು ಆರ್ಥಿಕ ಮಹಾಕುಸಿತದ ಕಾಲ. ತಂಡ ನಿಂತರೆ ವಾದಕರ ಮನೆಗಳ ಒಲೆ ಆರುತ್ತಿತ್ತು. ಆದುದರಿಂದ ಅವರು ತಮ್ಮ ನೋವನ್ನು ಮರೆಮಾಚಿ ಪ್ರವಾಸ ಮುಂದುವರಿಸಿದರು. 1939ರ ಜೂನ್ 16ರಂದು, ಹುಟ್ಟೂರಾದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯ ನಂತರ ಕೊನೆಯುಸಿರೆಳೆದರು. ತಂಡ ಒಡೆಯಲಿಲ್ಲ. ಎಲ್ಲಾ ಅವರ ನಾಯಕತ್ವದಲ್ಲಿ 1942ರವರೆಗೆ ನಡೆಯಿತು.

ಇಂತಹ ತ್ಯಾಗವನ್ನು ಕೊಂಡಾಡುವುದು ಸುಲಭ. ಆದರೆ ತತ್ತ್ವಶಾಸ್ತ್ರ ಇಲ್ಲಿ ಒಂದು ಕಠಿಣ ಪ್ರಶ್ನೆಯನ್ನು ಎತ್ತುತ್ತದೆ. ಪರರ ಅನ್ನಕ್ಕಾಗಿ ತನ್ನ ದೇಹವನ್ನು ಸವೆಸಲು ಮನುಷ್ಯನಿಗೆ ಎಷ್ಟರಮಟ್ಟಿನ ಹಕ್ಕಿದೆ? ದೇಹವೂ ನಮಗೆ ಒಪ್ಪಿಸಲ್ಪಟ್ಟ ಹೊಣೆಯಲ್ಲವೇ? ವೆಬ್ ಅವರನ್ನು ದೂರುವುದು ನಮಗೆ ಸಾಧ್ಯವಿಲ್ಲ. ವಿಶ್ರಾಂತಿ ಎಂಬುದು ಅವರ ಪಾಲಿಗೆ ಸಂಗಡಿಗರ ಹಸಿವಿನ ಮತ್ತೊಂದು ಹೆಸರಾಗಿತ್ತು. ಪ್ರಶ್ನೆ ಹೆಚ್ಚಾಗಿ ತಗಲುವುದು ಕುಣಿದವರಿಗೆ. ತಾಳ ತಪ್ಪದಿರುವಷ್ಟು ಕಾಲ, ತಾಳ ಹಾಕುವವರ ಕೈ ನೋಯುತ್ತಿದೆಯೇ ಎಂದು ಯಾರೂ ವಿಚಾರಿಸುವುದಿಲ್ಲ.

ಪ್ರತಿಯೊಂದು ಕುಟುಂಬದಲ್ಲೂ ಇಂತಹ ಒಬ್ಬರಿರುತ್ತಾರೆ. ಮುಂಜಾನೆ ಎಲ್ಲರಿಗಿಂತ ಮೊದಲು ಏಳುವ ತಾಯಿ, ಸಾಲದ ಮಾತನ್ನು ಮಕ್ಕಳ ಕಿವಿಗೆ ಹಾಕದ ತಂದೆ, ಮದುವೆಯನ್ನು ಮುಂದೂಡಿ ತಮ್ಮಂದಿರನ್ನು ಓದಿಸಿದ ಅಕ್ಕ. ಮನೆ ಅವರ ತಾಳಕ್ಕೆ ನಡೆಯುತ್ತದೆ, ಅವರ ನೋವು ಮಾತ್ರ ಯಾರ ಕಿವಿಗೂ ಬೀಳುವುದಿಲ್ಲ. ಪ್ರಿಯ ಓದುಗರೇ, ಅವರು ಕುಸಿಯುವವರೆಗೆ ಕಾಯುವುದು ಬೇಡ. ಈ ಭಾನುವಾರ ಊಟಕ್ಕೆ ಕುಳಿತಾಗ ಅವರ ಆರೋಗ್ಯವನ್ನು ವಿಚಾರಿಸೋಣ, ಒಂದು ದಿನದ ಮಟ್ಟಿಗಾದರೂ ಅವರ ಕೆಲಸವನ್ನು ನಾವು ವಹಿಸಿಕೊಳ್ಳೋಣ.